ಬಸದಿಯ ನೆರಳಿನಲ್ಲೊಂದು ಬಿಡದಿ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೊರಟವರಿಗೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಮೇಳಿಗೆ ಎದುರಾಗುತ್ತದೆ. ಮಳೆಯನ್ನೋ ಸೂರ್ಯಾಸ್ತವನ್ನೋ ನೋಡಲು ಘಟ್ಟದ ಅಂಚಿಗೆ ಧಾವಿಸುವ ಪ್ರವಾಸಿಗಳ ಪಾಲಿಗೆ ಅದು ವಾಹನದ ಕಿಟಕಿಯಲ್ಲಿ ಬಂದು ಹೋಗುವ ಊರುಗಳಲ್ಲಿ ಒಂದು. ಶಾಸನ ಮತ್ತು ವಾಸ್ತುವಿನ ಅಭ್ಯಾಸಿಗಳಿಗೆ ಮಾತ್ರ ಅದು ಅನಂತನಾಥ ಬಸದಿಯ ಊರು. ಹದಿನಾಲ್ಕನೆಯ ತೀರ್ಥಂಕರನಿಗೆ ಮೀಸಲಾದ ಈ ಶಿಲಾಮಯ ಬಸದಿಯನ್ನು ಬೊಮ್ಮಣ್ಣ ಶೆಟ್ಟಿ 1608ರಲ್ಲಿ ಕಟ್ಟಿಸಿದನು. ಆಗ ಈ ಸೀಮೆಯನ್ನು ಆಳುತ್ತಿದ್ದವನು ಕೆಳದಿಯ ಹಿರಿಯ ವೆಂಕಟಪ್ಪನಾಯಕ. ಬಿ.ಎಲ್. ರೈಸ್ ಅವರು 1904ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಶಾಸನಗಳ ನಡುವೆ ಮೇಳಿಗೆಯ ಶಾಸನವೂ ಸೇರಿದೆ. ಬಸದಿಯ ಎದುರಿಗೆ ನಿಂತ ಮಾನಸ್ತಂಭವನ್ನು ನೋಡಲೆಂದೇ ಆಗೊಮ್ಮೆ ಈಗೊಮ್ಮೆ ಅಭ್ಯಾಸಿಗಳು ಬಂದಿಳಿಯುತ್ತಾರೆ. ಹುಂಚದ ಯಾತ್ರೆಗೆ ಹೊರಟವರು, ಕುಂದಾದ್ರಿಯನ್ನು ಹತ್ತುವವರು ದಾರಿಯಲ್ಲಿ ಒಂದು ಗಳಿಗೆ ನಿಂತು ಕೈಮುಗಿದು ಹೋಗುತ್ತಾರೆ.

ಊರ ಆಸುಪಾಸಿನಲ್ಲಿ, ಅಡಿಕೆ ತೋಟದ ತಲೆಯ ಮೇಲೆ, ಒಂದು ಹಳೆಯ ಹೆಂಚಿನ ಮನೆಯಿದೆ. ಮನೆಯವರು ತಲೆಮಾರುಗಳಿಂದ ಬಸದಿಗೆ ನಡೆದುಕೊಂಡು ಬಂದ ಶ್ರಾವಕರು. ಕೆಲವು ವರ್ಷಗಳಿಂದ ಈ ಮನೆಯ ಮೂರು ಕೋಣೆಗಳು ಪರಸ್ಥಳದವರ ತಂಗುದಾಣವಾಗಿವೆ. ಒಂದು, ಹಿಂದೆ ಭತ್ತದ ಕಣಜವಿದ್ದ ಕೋಣೆ, ಇನ್ನೊಂದು, ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೆ ಬರಿದಾದ ಕೋಣೆ, ಮತ್ತೊಂದು ಉಪ್ಪರಿಗೆಯದು. ರಸ್ತೆಯ ತಿರುವಿನಲ್ಲಿ ಮಗ ಹಾಕಿಸಿದ ‘ಹೋಂ ಸ್ಟೇ’ ಎಂಬ ಫಲಕವಿದೆ. ಮನೆಯ ಹಿರಿಯ ಹೆಂಗಸು ಆ ಹೆಸರನ್ನು ಒಪ್ಪಿಲ್ಲ. ಎಂಬತ್ತರ ಹತ್ತಿರದ ಆಕೆಗೆ ಅದು ‘ಬಿಡದಿ’. “ದಿಬ್ಬಣ ಬಂದರೆ ಬಿಡದಿ ಮನೆ ಕೊಡೋದಿಲ್ವಾ, ಹಾಗೆ” ಎಂಬುದು ಆಕೆಯ ವ್ಯಾಖ್ಯಾನ. ಬಿಡದಿಯಲ್ಲಿ ಉಳಿದವರು ಬಾಡಿಗೆ ಕೊಡುವುದಿಲ್ಲವಲ್ಲ ಎಂದು ಸೊಸೆ ನಗುತ್ತ ಕೇಳಿದರೆ ಅತ್ತೆಯ ಬಳಿ ಉತ್ತರವಿಲ್ಲ. ಉತ್ತರವಿಲ್ಲದ ಆ ಪ್ರಶ್ನೆಯ ಸುತ್ತಲೇ ಈ ಮನೆಯ ಅಷ್ಟೂ ವ್ಯವಹಾರ ತಿರುಗುತ್ತದೆ.

ಒಂದು ಮಾರ್ಗಶಿರದ ಸಂಜೆ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಅಲ್ಲಿಗೆ ಬಂದಳು. ಬಸ್ಸು ತಡವಾಗಿತ್ತು, ಹೊತ್ತು ಮುಳುಗಿತ್ತು. ಅಂಗಳದಲ್ಲಿ ದೀಪ ಹಾಕಿಕೊಂಡು ಐದಾರು ಜನ ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಬೆಂಕಿ ಧಗಧಗಿಸುತ್ತಿತ್ತು. ಚೊಗರಿನ ವಾಸನೆ ಅಂಗಳವನ್ನೆಲ್ಲ ತುಂಬಿತ್ತು. ಆದರೆ ಅಡುಗೆಮನೆಯ ಒಲೆ ಆರಿತ್ತು. ಕೋಣೆಯ ಗೋಡೆಗೆ ಸೊಸೆ ಅಂಟಿಸಿದ ಕಾಗದದಲ್ಲಿ ನಿಯಮಗಳು ಸ್ಪಷ್ಟವಾಗಿದ್ದವು: ಸಂಜೆಯ ಊಟ ಸೂರ್ಯಾಸ್ತಕ್ಕೆ ಮುಂಚೆ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲ, ಹೊರಗಿನಿಂದ ಮೊಟ್ಟೆ, ಮಾಂಸ, ಮದ್ಯ ತರುವಂತಿಲ್ಲ. ಈ ಕಾಗದವನ್ನು ಓದಿ ಬಂದ ಹೆಜ್ಜೆಯಲ್ಲೇ ಹಿಂದಿರುಗಿದವರಿದ್ದಾರೆ.

“ಆಸರಿಗೆ ಏನಾದರೂ ತಗೋ” ಎಂದು ಹಿರಿಯಾಕೆ ಬೆಲ್ಲ, ನೀರು ತಂದಿಟ್ಟರು. ಅನಂತರ ಬಾಳೆಹಣ್ಣಿನ ಚಿಪ್ಪು, ಲೋಟದ ತುಂಬ ಹಾಲು. “ಒಲೆ ಆರಿಸಿ ಆಯ್ತು ಮಗಾ. ಹಾಲು ಮುಂಚೆ ಕಾಸಿಟ್ಟದ್ದು. ನಾಳೆ ಹೊತ್ತಿಗೆ ಮುಂಚೆ ಬಾ, ಹೊಟ್ಟೆ ತುಂಬ ಬಡಿಸ್ತೇನೆ.” ತಾವು ಏನನ್ನೂ ಮುಟ್ಟದೆ, ಆ ಹುಡುಗಿ ತಿಂದು ಮುಗಿಸುವ ತನಕ ಎದುರಿಗೇ ಕುಳಿತಿದ್ದರು. ರಾತ್ರಿಭೋಜನ ತ್ಯಾಗದ ಬಗ್ಗೆ ಶ್ರಾವಕಾಚಾರ ಗ್ರಂಥಗಳಲ್ಲಿ ಓದಿದವಳಿಗೆ ಅದೊಂದು ನಿಷೇಧವಾಗಿ ಮಾತ್ರ ತಿಳಿದಿತ್ತು. ಹಸಿದ ಅತಿಥಿಯ ಮುಂದೆ ಆ ನಿಷೇಧವನ್ನು ಪಾಲಿಸುವವರಿಗೆ ಆಗುವ ಸಂಕಟ ಯಾವ ಗ್ರಂಥದಲ್ಲೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ವಿದ್ಯಾರ್ಥಿನಿ ರೈಸರ ಪಾಠದ ಪ್ರತಿಯನ್ನು ಹಿಡಿದು ಬಸದಿಗೆ ಹೋದಳು. ಹಿರಿಯಾಕೆಯೂ ಹೂವಿನ ಬುಟ್ಟಿ ಹಿಡಿದು ಜೊತೆಗೆ ಬಂದರು. ಒಬ್ಬಳು ಅಕ್ಷರಕ್ಕೆ ಅಕ್ಷರ ಹೋಲಿಸುತ್ತ ಕುಳಿತಳು. ಇನ್ನೊಬ್ಬರು ದರ್ಶನ ಮುಗಿಸಿ ಬಂದು ಪಕ್ಕದಲ್ಲಿ ಕುಳಿತರು. ಶಾಸನವನ್ನು ಓದಲು ಬಾರದ ಅವರು ಒಂದು ಪ್ರಶ್ನೆ ಕೇಳಿದರು. ತಾವು ಸೊಸೆಯಾಗಿ ಬಂದ ಕಾಲದಲ್ಲಿ, ಭಾದ್ರಪದದ ಅನಂತನೋಂಪಿಗೆ ಸುತ್ತಲ ಊರುಗಳಿಂದ ಬಂದವರು ತಮ್ಮ ಮನೆಯ ಜಗುಲಿಯಲ್ಲಿ ಸಾಲಾಗಿ ಮಲಗುತ್ತಿದ್ದರು. ಅವರಿಗೆಲ್ಲ ಅತ್ತೆಯೇ ಅಡುಗೆ ಮಾಡಿ ಬಡಿಸುತ್ತಿದ್ದರು. “ಬಸದಿ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ ಅಂತೀಯ. ಬಂದವರು ಎಲ್ಲಿ ಉಳಿದರು, ಏನು ಉಂಡರು ಅಂತ ಬರೆದಿದೆಯಾ?”

ಪ್ರಶ್ನೆ ಸಣ್ಣದಲ್ಲ. ಕರ್ನಾಟಕದ ಜೈನ ದಾನಶಾಸನಗಳನ್ನು ಸಾಲಾಗಿ ಓದಿದವರಿಗೆ ಉತ್ತರದ ಅರ್ಧಭಾಗ ಗೊತ್ತಿರುತ್ತದೆ. ಬಸದಿಗೆ ಭೂಮಿ ಬಿಟ್ಟಾಗ ಆ ದಾನದ ಉದ್ದೇಶಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಬರುತ್ತವೆ: ದೇವರ ಅಷ್ಟವಿಧಾರ್ಚನೆ, ಖಂಡಸ್ಫುಟಿತ ಜೀರ್ಣೋದ್ಧಾರ, ಋಷಿಸಮುದಾಯದ ಆಹಾರದಾನ. ಕಲ್ಲಿನ ಪೂಜೆ, ಕಲ್ಲಿನ ದುರಸ್ತಿ, ಮನುಷ್ಯರ ಊಟ ಇವು ಮೂರೂ ಒಂದೇ ದತ್ತಿಯ ಅಂಗಗಳು. ಜೈನ ದಾನಿಗಳಿಗೆ ಸಲ್ಲುತ್ತಿದ್ದ ಬಿರುದುಗಳಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳ ಪಟ್ಟಿ ಬಂದಾಗಲೂ ಮೊದಲು ಬರುವುದು ಆಹಾರವೇ. 1077ರಲ್ಲಿ ಚಟ್ಟಲದೇವಿ ಹುಂಚದಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದ ಕಾಲದ ಧರ್ಮಕಾರ್ಯಗಳ ಹಿಂದೆ ಇದ್ದದ್ದು ಈ ದೃಷ್ಟಿಯೇ. ಉತ್ತರದ ಇನ್ನರ್ಧ ಮಾತ್ರ ಶಾಸನಗಳಲ್ಲಿಲ್ಲ: ಆ ಅನ್ನವನ್ನು ಬೇಯಿಸಿದವರು ಯಾರು, ಬಂದವರಿಗೆ ಹಾಸಿಗೆ ಹಾಸಿದವರು ಯಾರು ಎಂಬುದು.

ಇದನ್ನೆಲ್ಲ ಕೇಳಿ ಹಿರಿಯಾಕೆ ನಕ್ಕರು. “ಹಾಗಾದರೆ ಊಟದ ಲೆಕ್ಕ ಕಲ್ಲಿನ ಮೇಲೇ ಇದೆ” ಎಂದರು. ಮನೆಗೆ ಬಂದ ಮೇಲೆ ಸೊಸೆಗೂ ಅದನ್ನೇ ಹೇಳಿದರು.

ಸೊಸೆಯ ಲೆಕ್ಕ ಬೇರೆ. ಆಕೆ ಪದವೀಧರೆ, ಕೋಣೆಗಳ ಕಾಯ್ದಿರಿಸುವಿಕೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿ, ವಿದೇಶದವರು ಬಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ತುಂಬಿ ಕಳಿಸಬೇಕಾದ ಫಾರಂ, ಇವೆಲ್ಲ ಆಕೆಯ ಕೆಲಸ. ಶಾಸನದ ಕಾಲದಲ್ಲಿ ಊಟದ ಹಿಂದೆ ಗದ್ದೆಯಿತ್ತು ಎಂಬುದನ್ನು ಆಕೆ ಮರೆಯುವುದಿಲ್ಲ. ಆ ವ್ಯವಸ್ಥೆಯ ಕೊಂಡಿಗಳು ಒಂದೊಂದಾಗಿ ಕಳಚಿದ ಕಥೆ ಮಲೆನಾಡಿನ ಬಸದಿ, ಗುಡಿಗಳ ಸುತ್ತಲಿನ ಅನೇಕ ಮನೆಗಳದ್ದು. ಮೈಸೂರು ಸಂಸ್ಥಾನದ ಪ್ರದೇಶದಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳು 1955ರ ಕಾಯಿದೆಯಿಂದ ರದ್ದಾದವು. ಭೂಮಿಯ ಉತ್ಪನ್ನದ ಜಾಗದಲ್ಲಿ ತಸ್ತೀಕು ಎಂಬ ನಿಗದಿತ ನಗದು ಬಂತು. ವರ್ಷಗಳು ಉರುಳಿದಂತೆ ಅಕ್ಕಿಯ ಬೆಲೆ ಏರಿತು. ತಸ್ತೀಕು ಅದರ ಹಿಂದೆ ಓಡಲಾರದೆ ಹೋಯಿತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ನೆಲ ಸಿಕ್ಕಿತು. ಅದು ನ್ಯಾಯವೇ ಆಗಿತ್ತು. ಆದರೆ ಗೇಣಿಯ ಅಕ್ಕಿಯನ್ನು ನಂಬಿ ಯಾತ್ರಿಕರಿಗೆ ಅನ್ನವಿಡುತ್ತಿದ್ದ ಮನೆಗಳ ಕಣಜವೂ ಅಂದಿಗೆ ಬರಿದಾಯಿತು. ಉಳಿದದ್ದು ಅಡಿಕೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ತೀರ್ಥಹಳ್ಳಿ, ಹೊಸನಗರದ ತೋಟಗಳನ್ನು ಹೊಕ್ಕು ಆ ಭರವಸೆಯನ್ನೂ ಅಲುಗಿಸಿದೆ. ಕಣಜದ ಕೋಣೆಗೆ ಮಂಚ ಬಂದದ್ದು ಹೀಗೆ.

ಕೊನೆಗೆ ಮನೆಯಲ್ಲಿ ಒಂದು ರಾಜಿಯಾಯಿತು. ಕೋಣೆಗೆ ಬಾಡಿಗೆ; ಊಟಕ್ಕೆ ಬೆಲೆಯಿಲ್ಲ. ಹಾಸಿಗೆ, ವಿದ್ಯುತ್ತು, ಬಚ್ಚಲ ಹಂಡೆಯ ಬಿಸಿನೀರು ಇವಕ್ಕೆ ಹಣ ಪಡೆಯುವುದರಲ್ಲಿ ಹಿರಿಯಾಕೆಗೆ ಆಕ್ಷೇಪವಿಲ್ಲ. ಬಸದಿಯ ನೆರಳಿನಲ್ಲಿ ಅನ್ನವನ್ನು ಮಾರುವುದು ಮಾತ್ರ ಕೂಡದು.

ಧರ್ಮಶಾಸ್ತ್ರದ ಕಣ್ಣಿನಿಂದ ನೋಡಿದರೆ ಈ ಹಟದಲ್ಲಿ ಒಂದು ತೊಡಕಿದೆ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದಾಗಿ ‘ತತ್ತ್ವಾರ್ಥಸೂತ್ರ’ ಹೇಳುವುದು ಅತಿಥಿಸಂವಿಭಾಗವನ್ನು. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಅದೇ ಸ್ಥಾನದಲ್ಲಿ ವೈಯಾವೃತ್ಯವನ್ನು ಹೇಳುತ್ತದೆ. ಇಲ್ಲಿ ಅತಿಥಿಯೆಂದರೆ ತಿಥಿ ನೋಡದೆ ಬರುವವನು, ಮುಖ್ಯಾರ್ಥದಲ್ಲಿ ಮುನಿ. ಜಿನಸೇನರ ‘ಆದಿಪುರಾಣ’ ದತ್ತಿಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ. ಮುನಿಗೆ ಕೊಡುವುದು ಪಾತ್ರದತ್ತಿ. ಅನುಕಂಪೆಗೆ ಅರ್ಹವಾದ ಜೀವಿಗಳಿಗೆ ತೋರುವುದು ದಯಾದತ್ತಿ. ಸಮಾನಧರ್ಮಿಗೆ ಸಲ್ಲುವುದು ಸಮದತ್ತಿ. ಮಗನಿಗೆ ಮನೆತನವನ್ನು ಒಪ್ಪಿಸುವುದು ಅನ್ವಯದತ್ತಿ. ಕಾರಿನಲ್ಲಿ ಬಂದಿಳಿದು, ಮೊಬೈಲಿನಲ್ಲಿ ಮುಂಗಡ ಕಳಿಸಿ, ಆಗುಂಬೆಯ ಸೂರ್ಯಾಸ್ತ ನೋಡಿಕೊಂಡು ಹಿಂದಿರುಗುವ ಪ್ರವಾಸಿ ಈ ನಾಲ್ಕರಲ್ಲಿ ಎಲ್ಲಿ ಸೇರುತ್ತಾನೆ? ಅವನು ಮುನಿಯಲ್ಲ, ದೀನನಲ್ಲ, ಬಹುಪಾಲು ಸಮಾನಧರ್ಮಿಯೂ ಅಲ್ಲ. ಆ ಸಂಜೆ, ಹೊತ್ತಿಗೆ ಮುಂಚೆಯೇ ಬಡಿಸಿದ ಕಡುಬು, ಬಾಳೆಕಾಯಿ ಪಲ್ಯದ ಮುಂದೆ ಕುಳಿತು ವಿದ್ಯಾರ್ಥಿನಿ ಈ ಸಂದೇಹವನ್ನು ಮುಂದಿಟ್ಟಳು. ಹಿರಿಯಾಕೆ ಪಟ್ಟಿಯನ್ನು ಸಮಾಧಾನದಿಂದ ಕೇಳಿಸಿಕೊಂಡು, “ಹಸಿವಿಗೆ ಅದೆಲ್ಲ ಗೊತ್ತಿಲ್ಲ ಮಗಾ” ಎಂದು ಇನ್ನೊಂದು ಕಡುಬು ಹಾಕಿದರು. ಸೊಸೆ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು, ಮಾತಾಡಲಿಲ್ಲ.

ಉಪ್ಪರಿಗೆಯ ಕೋಣೆಯ ಗೂಡಿನಲ್ಲಿ ಉಳಿದು ಹೋದವರು ಬಿಟ್ಟ ಪುಸ್ತಕಗಳಿವೆ. ಅವುಗಳಲ್ಲಿ ಒಂದು, ಹೊರದೇಶದ ಅತಿಥಿಯೊಬ್ಬರು ಬಿಟ್ಟುಹೋದ, ಮಧ್ಯ ಅಮೆರಿಕದ ಮಾಯಾ ಅವಶೇಷಗಳ ಚಿತ್ರಸಂಪುಟ. ಊಟವಾದ ಮೇಲೆ ವಿದ್ಯಾರ್ಥಿನಿ ಅದನ್ನು ತೆರೆದಾಗ, ಕಂಬಗಳನ್ನು ಬಳಸಿ ನಿಂತ ಮರಗಳ ಒಂದು ಚಿತ್ರದ ಮೇಲೆ ಹಿರಿಯಾಕೆ ಬೆರಳಿಟ್ಟು ಕೇಳಿದರು: “ಇದು ಗೇರುಸೊಪ್ಪೆಯಾ?”

ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಅವರು ಕಂಡಿದ್ದ ಏಕೈಕ ಕಾಡುಪಾಲಾದ ನಗರ ಅದು. ಮದುವೆಯಾದ ಹೊಸತರಲ್ಲಿ ಸಾಗರದ ಮೇಲೆ ಜೋಗವನ್ನು ದಾಟಿ ಘಟ್ಟವಿಳಿದು ಹೋಗಿ, ಶರಾವತಿಯ ದಡದ ಕಾಡಿನಲ್ಲಿ ಚತುರ್ಮುಖ ಬಸದಿಯನ್ನು ನೋಡಿಬಂದಿದ್ದರು. ನಾಲ್ಕು ದಿಕ್ಕಿಗೂ ಬಾಗಿಲಿರುವ ಅಂಥ ಬಸದಿಯ ಸುತ್ತ ಒಂದು ಮನೆಯೂ ಇಲ್ಲದ್ದು, ಕುಡಿಯಲು ನೀರು ಕೇಳೋಣವೆಂದರೂ ಜನವಿಲ್ಲದ್ದು ಅವರ ನೆನಪಿನಲ್ಲಿ ಉಳಿದಿತ್ತು.

ಮೇಳಿಗೆಯ ಕಾಲಕ್ಕೆ ಗೇರುಸೊಪ್ಪೆಯ ಕಥೆ ಬಹಳ ಹತ್ತಿರದ್ದು. ಕಾಳುಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರಲ್ಲೂ ಹೆಸರಾಗಿದ್ದ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯನ್ನು 1606ರ ಸುಮಾರಿಗೆ ಕೊನೆಗಾಣಿಸಿದವನು ಇದೇ ವೆಂಕಟಪ್ಪನಾಯಕ. ಘಟ್ಟದ ಕೆಳಗೆ ಒಂದು ಜೈನ ರಾಜಧಾನಿ ಮುಗಿಯಿತು; ಎರಡು ವರ್ಷಗಳ ಬಳಿಕ, ಅದೇ ಅರಸನ ಕಾಲದಲ್ಲಿ, ಘಟ್ಟದ ಮೇಲೆ ಒಂದು ಹೊಸ ಬಸದಿ ಎದ್ದಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆಗೆ ಇದೇ ನಾಯಕನನ್ನು ಕಾಣಲು ಇಕ್ಕೇರಿಗೆ ಬರುತ್ತ ಗೇರುಸೊಪ್ಪೆಯನ್ನು ಹಾದನು. ಆ ಹೊತ್ತಿಗಾಗಲೇ ನಗರವೂ ಅರಮನೆಯೂ ಪಾಳುಬಿದ್ದು ಮರಗಳು ಬೆಳೆದಿದ್ದವು. ರೈತರ ಕೆಲವು ಗುಡಿಸಲುಗಳಷ್ಟೇ ಅವನಿಗೆ ಕಂಡವು. ಮುಂದೆ ಘಟ್ಟ ಹತ್ತಿದ ಮೇಲೆ ಅವನು ಒಂದು ಗುಡಿಯ ಜಗುಲಿಯಲ್ಲಿ ತಂಗಿದ. ಅಲ್ಲಿ ಹುಡುಗರು ನೆಲಕ್ಕೆ ಹರಡಿದ ನಯವಾದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಬೆರಗಿನಿಂದ ನೋಡಿ ಬರೆದಿಟ್ಟ. ಕನ್ನಡ ನಾಡಿನ ಶಿಕ್ಷಣಕ್ರಮದ ಬಗ್ಗೆ ಇಂದು ಮತ್ತೆ ಮತ್ತೆ ನೆನೆಯುವ ಆ ಸಾಕ್ಷ್ಯ ಹುಟ್ಟಿದ್ದು ಅವನಿಗೆ ಒಂದು ಜಗುಲಿ ಸಿಕ್ಕಿದ್ದರಿಂದ. ಪಾಳುನಗರದಲ್ಲಿ ಅವನಿಗೆ ಕಂಡದ್ದು ಮರಗಳು; ಜಗುಲಿಯಲ್ಲಿ ಕಂಡದ್ದು ಮನುಷ್ಯರು.

ಆ ಚಿತ್ರಸಂಪುಟದ ಮಾಯಾ ನಗರಗಳ ಕಥೆಯೂ ಇದಕ್ಕಿಂತ ದೂರವಿಲ್ಲ. 1839ರಲ್ಲಿ ಜಾನ್ ಲಾಯ್ಡ್ ಸ್ಟೀಫನ್ಸ್ ಎಂಬ ಅಮೆರಿಕದ ಪ್ರವಾಸಿ, ಫ್ರೆಡರಿಕ್ ಕ್ಯಾದರ್‌ವುಡ್ ಎಂಬ ಚಿತ್ರಕಾರನೊಂದಿಗೆ ಹೊಂಡುರಾಸ್‌ನ ಕೋಪಾನ್‌ಗೆ ಹೋದನು. ಊರಿನ ಸಿರಿವಂತನ ಮನೆಯಲ್ಲಿ ಸಿಕ್ಕ ಸ್ವಾಗತ ತಣ್ಣಗಿತ್ತು. ಆಮೇಲೆ ಅವಶೇಷಗಳ ಹತ್ತಿರದ ಒಂದು ಬಡ ಗುಡಿಸಲು ಅವರಿಗೆ ಆಸರೆಯಾಯಿತು. ಸ್ಟೀಫನ್ಸ್ ತನ್ನ ಔಷಧದ ಪೆಟ್ಟಿಗೆಯಿಂದ ಊರವರಿಗೆ ಮದ್ದು ಕೊಟ್ಟನು. ಅವಶೇಷಗಳಿದ್ದ ನೆಲವನ್ನು 50 ಡಾಲರಿಗೆ ತನ್ನ ಹೆಸರಿಗೆ ಮಾಡಿಕೊಂಡನು. 1841ರಲ್ಲಿ ಅವನ ಗ್ರಂಥ ಪ್ರಕಟವಾದಾಗ, ಕಳೆದುಹೋದ ನಗರಗಳು ಸಿಕ್ಕವು ಎಂದು ಓದುಗರು ಸಂಭ್ರಮಿಸಿದರು. ಅವು ಯಾರಿಗೆ ಕಳೆದುಹೋಗಿದ್ದವು? ಸುತ್ತಲ ಹಳ್ಳಿಗಳಲ್ಲಿ ಜನರಿದ್ದರು. ಮಾಯಾ ಭಾಷೆಗಳನ್ನಾಡುವ ಲಕ್ಷಾಂತರ ಮಂದಿ ಇಂದಿಗೂ ಆ ನಾಡುಗಳಲ್ಲಿದ್ದಾರೆ. ಇಂದು ಕೋಪಾನಿನ ಅವಶೇಷಗಳ ಪಕ್ಕದ ಪುಟ್ಟ ಪಟ್ಟಣದಲ್ಲಿ ಕುಟುಂಬಗಳೇ ನಡೆಸುವ ವಸತಿಗೃಹಗಳಿವೆ. ಅಲ್ಲಿ ತಂಗುವವರೂ ಹಗಲಿಗೆ ಕಲ್ಲನ್ನು ನೋಡಿ, ರಾತ್ರಿಗೆ ಮನೆಯವರ ಕೈಯ ರೊಟ್ಟಿ ತಿನ್ನುತ್ತಾರೆ.

ಎಲ್ಲ ಕಡೆ ಈ ನೆರೆಹೊರೆ ಸುಖವಾಗಿಲ್ಲ. ನಮ್ಮ ನಾಡಿನಲ್ಲೇ 2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರದ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ನದಿಯಾಚೆಯ ವಿರುಪಾಪುರ ಗಡ್ಡೆಯ ವಸತಿಗೃಹಗಳು ನೆಲಸಮವಾದವು. ಸ್ಮಾರಕಗಳ ಮೈಮೇಲೆಯೇ ಹಬ್ಬುವ ವ್ಯಾಪಾರವನ್ನು ತಡೆಯದಿದ್ದರೆ ಉಳಿಯುವುದು ವ್ಯಾಪಾರ ಮಾತ್ರ ಎಂಬ ವಾದಕ್ಕೆ ತೂಕವಿದೆ. ಜನರನ್ನು ಪೂರ್ತಿ ದೂರ ಸರಿಸಿದರೆ ಉಳಿಯುವುದು ಕಲ್ಲು ಮಾತ್ರ ಎಂಬುದಕ್ಕೂ ಅಷ್ಟೇ ತೂಕವಿದೆ. ಮೇಳಿಗೆಯಿಂದ ಮುಂದೆ, ಇದೇ ರಸ್ತೆಯ ಆಗುಂಬೆಯಲ್ಲಿ, ಮೂರನೆಯ ಒಂದು ದಾರಿಯೂ ಇದೆ. ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಚಿತ್ರೀಕರಣದಿಂದ ಹೆಸರಾದ ದೊಡ್ಡಮನೆಯಲ್ಲಿ ಉಳಿದವರ ಕೈಗೆ ಬಿಲ್ಲು ಬರುವುದಿಲ್ಲ. ಮನಸ್ಸಿಗೆ ತೋರಿದಷ್ಟು ಕೊಟ್ಟು ಹೋಗುವುದು ಅಲ್ಲಿಯ ವಾಡಿಕೆ. ಹೆಸರಾದ ಮನೆಗೆ ಜನ ಸಾಲಾಗಿ ಬರುತ್ತಾರೆ, ಅಲ್ಲಿ ಅದು ನಡೆಯುತ್ತದೆ. ಮೂರು ಕೋಣೆಯ ಮನೆಗೆ ಅದು ಹೇಗೆ ಸಾಧ್ಯ ಎಂಬುದು ಮೇಳಿಗೆಯ ಸೊಸೆಯ ಪ್ರಶ್ನೆ.

ಹೊರಡುವ ದಿನ ಸೊಸೆ ರಸೀತಿ ಬರೆದಳು. ಅದರಲ್ಲಿ ಎರಡು ರಾತ್ರಿಗಳ ಕೋಣೆಯ ಬಾಡಿಗೆ ಮಾತ್ರ ಇತ್ತು. ಊಟದ ಹಣವನ್ನೂ ತೆಗೆದುಕೊಳ್ಳಬೇಕೆಂದು ವಿದ್ಯಾರ್ಥಿನಿ ಒತ್ತಾಯಿಸಿದಾಗ ಆಕೆ ತಗ್ಗಿದ ದನಿಯಲ್ಲಿ ಹೇಳಿದಳು: “ಯುಗಾದಿಯಿಂದ ಊಟಕ್ಕೂ ದರ ಹಾಕುವುದು ಅಂತ ಇವರು ನಿಶ್ಚಯ ಮಾಡಿದ್ದಾರೆ. ಅಡಿಕೆ ಈ ಸಲ ಕೈಹಿಡಿಯಲಿಲ್ಲ. ಅತ್ತೆಗೆ ಹೇಳಬೇಕು, ಹೇಗೆ ಹೇಳುವುದೋ ತಿಳಿಯುತ್ತಿಲ್ಲ.”

ಹೇಳಬೇಕಾದ ಅಗತ್ಯವಿರಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ ಕುಳಿತಿದ್ದ ಹಿರಿಯಾಕೆಗೆ ಎಲ್ಲವೂ ಕೇಳಿಸಿತ್ತು. “ಬರೆದುಕೋ ಅಂದಿದ್ದೇನಲ್ಲ ನಾನೇ” ಎಂದರು. ದರದ ಮಾತನ್ನು ಒಪ್ಪಿದರೋ, ಬೇರೆ ಯಾವುದನ್ನೋ ನೆನೆದರೋ ತಿಳಿಯಲಿಲ್ಲ. ಆಗ ಸೊಸೆ ಲೆಕ್ಕದ ಪುಸ್ತಕವನ್ನು ತೆರೆದು ತೋರಿಸಿದಳು. ಕೋಣೆ ಬಾಡಿಗೆಗೆ ಕೊಡಲು ತೊಡಗಿದ ದಿನದಿಂದ ಅತ್ತೆ ಒಂದು ಪದ್ಧತಿ ಮಾಡಿಸಿದ್ದರು. ಪ್ರತಿ ಹೊತ್ತಿಗೂ ಎಷ್ಟು ಜನ ಉಂಡರು, ಯಾವ ಊರಿನವರು ಎಂಬುದನ್ನು ಸೊಸೆಯ ಕೈಯಲ್ಲಿ ಬರೆಸುತ್ತಿದ್ದರು. ಬಾಡಿಗೆಯ ಅಂಕಣದಲ್ಲಿ ಅಂಕಿಗಳಿದ್ದವು. ಊಟದ ಅಂಕಣದಲ್ಲಿ ಜನರ ಸಂಖ್ಯೆಯಿತ್ತು, ಊರಿನ ಹೆಸರಿತ್ತು. ದರದ ಜಾಗ ಪುಟದಿಂದ ಪುಟಕ್ಕೆ ಖಾಲಿಯಾಗಿತ್ತು. ನೋಂಪಿಯ ದಿನಗಳಲ್ಲಿ ಸಾಲುಗಳು ದಟ್ಟವಾಗಿದ್ದವು. ಮಳೆಗಾಲದ ಪುಟಗಳು ತೆಳುವಾಗಿದ್ದವು.

ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ದಾನ ಮಾಡುವುದು, ಮಾಡಿದ ದಾನವನ್ನು ಪಾಲಿಸುವುದು, ಇವೆರಡರಲ್ಲಿ ಪಾಲನೆಯೇ ಶ್ರೇಯಸ್ಕರವೆಂದು. ಕೊಟ್ಟವರ ಹೆಸರು ಕಲ್ಲಿಗೆ ಏರುತ್ತದೆ. ಪಾಲಿಸಿದವರ ಹೆಸರು ಇಂಥ ಪುಸ್ತಕಗಳಲ್ಲಿಯೂ ಇರುವುದಿಲ್ಲ, ಏಕೆಂದರೆ ಬರೆಯುವವರು ತಾವೇ. ಗೇರುಸೊಪ್ಪೆಯ ಚತುರ್ಮುಖ ಬಸದಿಗೂ ಮೇಳಿಗೆಯ ಅನಂತನಾಥ ಬಸದಿಗೂ ಕಲ್ಲಿನ ಗಟ್ಟಿತನದಲ್ಲಿ ದೊಡ್ಡ ಅಂತರವಿಲ್ಲ. ಒಂದರ ಸುತ್ತ ಒಲೆಗಳು ಆರಿಹೋದವು. ಇನ್ನೊಂದರ ಸುತ್ತ ಅವು ಸಂಜೆಗೆ ಆರಿ, ಬೆಳಗಾದರೆ ಮತ್ತೆ ಹೊತ್ತುತ್ತವೆ. ಯುಗಾದಿಯ ಬಳಿಕ ಖಾಲಿ ಅಂಕಣ ತುಂಬಿದರೂ ಒಲೆ ಉರಿಯುವುದು ಮುಖ್ಯವೆಂದು ಸೊಸೆಯ ಪಕ್ಷ ವಹಿಸಿ ಹೇಳಬಹುದು. ದರ ಬಿದ್ದ ಅನ್ನ ಆಹಾರದಾನದ ಮುಂದುವರಿಕೆಯಲ್ಲ ಎಂದು ಅತ್ತೆಯ ಪಕ್ಷದಿಂದಲೂ ಹೇಳಬಹುದು. ಇದನ್ನು ತೀರ್ಮಾನಿಸುವ ಹೊಣೆ ಶಾಸನ ಓದುವವರದಲ್ಲ, ಒಲೆ ಹೊತ್ತಿಸುವವರದು.

ವಿದ್ಯಾರ್ಥಿನಿ ತನ್ನ ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಬಸದಿಯ ಶಾಸನದ ಪಾಠವನ್ನು ಬರೆದುಕೊಂಡಿದ್ದಳು. ಮನೆಯವರ ಅನುಮತಿ ಪಡೆದು, ಅದರ ಮುಂದಿನ ಹಾಳೆಯಲ್ಲಿ ಆ ಲೆಕ್ಕದ ಪುಸ್ತಕದ ಒಂದು ಪುಟವನ್ನು ಇದ್ದದ್ದು ಇದ್ದಂತೆ ನಕಲು ಮಾಡಿಕೊಂಡಳು. ಖಾಲಿ ಅಂಕಣವನ್ನು ಖಾಲಿಯಾಗಿಯೇ ಬಿಟ್ಟಳು. ತೀರ್ಥಹಳ್ಳಿಯ ಬಸ್ಸಿನ ಹಾರನ್ನು ತಿರುವಿನಲ್ಲಿ ಕೇಳಿಸಿತು. ದಾರಿಗೆಂದು ಬಾಳೆಲೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿಯ ಪೊಟ್ಟಣವನ್ನು ಸೊಸೆ ತಂದು ಕೈಗಿತ್ತಳು. “ಹೊತ್ತು ಮುಳುಗುವ ಮುಂಚೆ ತಿನ್ನು” ಎಂದು ಜಗುಲಿಯಿಂದ ಹಿರಿಯಾಕೆ ಕೂಗಿ ಹೇಳಿದರು.